ನಿಲಂಗಾದ ಟವೆಲ್ಲುಗಳು

ನಮ್ಮ ಮನೆಗೆ ಬಂದವರು ಕೈಕಾಲು ತೊಳೆದು ಮುಖ ಒರೆಸಿಕೊಳ್ಳುವಾಗ ಒಂದು ಮಾತು ಕೇಳುತ್ತಾರೆ. "ಟವೆಲ್ ಚಲೋ ಅದಾವಲ್ರೀ, ಎಲ್ಲಿ ತಗೊಂಡ್ರಿ?" ನಾನು "ನಿಲಂಗಾದಾಗ" ಎನ್ನುತ್ತೇನೆ. ಅವರು ಟವೆಲ್ಲನ್ನು ಇನ್ನೊಮ್ಮೆ ತಿರುವಿ ನೋಡುತ್ತಾರೆ. ಮಹಾರಾಷ್ಟ್ರದ ಗಡಿಯ ಉದಗೀರದಂಥ ಬಾಜಾರದ ಊರಿನಲ್ಲಿ ಕೂತವಳು, ಅದೂ ಗಂಡನ ಅರ್ಧ ಬಳಗವೇ ಬಟ್ಟೆ ವ್ಯಾಪಾರದಲ್ಲಿರುವವಳು, ಟವೆಲ್ಲಿಗಾಗಿ ಬಸ್ಸು ಹತ್ತಿ ನಿಲಂಗಾಕ್ಕೆ ಯಾಕೆ ಹೋದಳು ಎಂಬುದು ಅವರ ತಲೆಗೆ ಹತ್ತುವುದಿಲ್ಲ. ನಾನೂ ಬಿಡಿಸಿ ಹೇಳುವುದಿಲ್ಲ. ನಿಮಗೆ ಹೇಳಬಹುದು, ನೀವೇನು ನಮ್ಮ ಸಂಬಂಧಿಕರಲ್ಲವಲ್ಲ. ಹಾಗೆಂದು ಖಾತ್ರಿಯಾಗಿ ಹೇಳಲೂ ಬರುವುದಿಲ್ಲ. ನಮ್ಮ ಕಡೆ ಮೂರು ಪ್ರಶ್ನೆ ಕೇಳಿದರೆ ಯಾರು ಬೇಕಾದರೂ ಸಂಬಂಧಿಕರಾಗಿಬಿಡುತ್ತಾರೆ.

ಎಲ್ಲ ಶುರುವಾದದ್ದು ಒಂದು ಸ್ವೆಟರಿನಿಂದ. ಸಂಕ್ರಾಂತಿಯ ಚಳಿಗೆ ಹಾಕಿದ ಸ್ವೆಟರನ್ನು ನನ್ನ ಮಗಳು ಪ್ರಾಂಜಲಿ ಹೋಳಿ ಹುಣ್ಣಿಮೆಗೂ ತೆಗೆಯಲಿಲ್ಲ. ಅದು ಅವಳದೂ ಅಲ್ಲ, ಅವಳ ಅಪ್ಪನದು. ಕಂದು ಬಣ್ಣದ್ದು, ಅವಳಿಗೆ ಮೊಣಕಾಲಿನ ತನಕ ಬರುತ್ತಿತ್ತು. ಯುಗಾದಿ ಬಂತು. ಉದಗೀರದ ಯುಗಾದಿಯ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ನಿಮ್ಮ ಪುಣ್ಯ. ಓಣಿಯ ನಾಯಿಗಳು ಗಟಾರದಲ್ಲಿ ಮಲಗಿ ನಾಲಿಗೆ ಹೊರಗೆ ಹಾಕಿದ್ದವು, ಇವಳು ಸ್ವೆಟರ್ ತೊಟ್ಟುಕೊಂಡು ಎಂಟನೆಯ ತರಗತಿಯ ಪರೀಕ್ಷೆ ಬರೆದು ಬಂದಳು.

ಮನೆಯವರು ತಮತಮಗೆ ತಿಳಿದ ಉಪಾಯ ಮಾಡಿದರು. ನಮ್ಮ ಅತ್ತೆ ಬೆಳಗಿನ ಲಿಂಗಪೂಜೆ ಮುಗಿಸಿ ಹೊರಗೆ ಬಂದವರು ಮೊಮ್ಮಗಳನ್ನು ಅಡಿಯಿಂದ ಮುಡಿಯ ತನಕ ನೋಡಿ, "ಹುಡುಗಿಗಿ ಥಂಡಿ ಒಳಗ ಸೇರ್ಯಾದ" ಎಂದು ತೀರ್ಪು ಕೊಟ್ಟರು. ಅವತ್ತಿನಿಂದ ದಿನಾ ಶುಂಠಿ, ಓಮ, ಕರಿಮೆಣಸು ಕುದಿಸಿದ ಕಷಾಯ ಶುರುವಾಯಿತು. ಹುಡುಗಿ ಮುಖ ಕಿವುಚದೆ ಕುಡಿದಳು. ನಿಜ ಹೇಳುವುದಕ್ಕಿಂತ ಕಷಾಯ ಕುಡಿಯುವುದು ಸುಲಭ ಎಂದು ಅವಳಿಗೆ ಅನ್ನಿಸಿರಬೇಕು.

ನಮ್ಮ ಯಜಮಾನರದು ಮಾರ್ಕೆಟ್ ಯಾರ್ಡಿನಲ್ಲಿ ರೈತರ ಮಾಲು ಕಮಿಷನ್ನಿಗೆ ಮಾರಿಕೊಡುವ ಅಡತಿ ಅಂಗಡಿ. ಸೋಯಾಬೀನಿನ ಕಾಳು ಹಲ್ಲಿಗೆ ಹಾಕಿ ಕಡಿದು, ಒಳಗೆ ತೇವ ಎಷ್ಟಿದೆ ಎಂದು ಹೇಳುವ ಮನುಷ್ಯ. ಮಾರ್ಕೆಟ್ಟಿನಲ್ಲಿ ಅವರ ಹಲ್ಲಿಗೆ ಬಹಳ ಮರ್ಯಾದೆ ಇದೆ. ಅವರು ಮಗಳನ್ನು ಎರಡು ದಿನ ಗಮನವಿಟ್ಟು ನೋಡಿದರು, ಮೂರನೆಯ ದಿನ ಒಂದು ಹೊಸ ಕೂಲರ್ ತಂದು ಅವಳ ಕೋಣೆಯಲ್ಲಿಟ್ಟರು. ಈಗ ಅವಳಿಗೆ ನಿಜವಾಗಿಯೂ ಸ್ವೆಟರ್ ಬೇಕಾಯಿತು.

ನನಗೆ ಮಾತ್ರ ಗೊತ್ತಿತ್ತು. ಶಾಲೆಯ ಬ್ಯಾಗು ಬೆನ್ನಿನಿಂದ ಎದೆಗೆ ಬಂದಾಗಲೇ ಗೊತ್ತಾಗಿತ್ತು. ಹೆಗಲು ಮುಂದಕ್ಕೆ ಬಾಗಿದ್ದವು, ಎರಡೂ ಕೈ ಸದಾ ಎದೆಯ ಮೇಲೆ ಕಟ್ಟಿಕೊಂಡಿರುತ್ತಿದ್ದವು. ನೀರು ಕೊಡು ಎಂದರೂ ಒಂದೇ ಕೈಯಲ್ಲಿ ಕೊಡುತ್ತಿದ್ದಳು. ಕೋಣೆಯ ಕನ್ನಡಿಯ ಮೇಲೆ ದುಪಟ್ಟಾ ಹೊದಿಸಿದ್ದಳು. ಯಾಕೆಂದು ಕೇಳಿದರೆ ಧೂಳು ಬರುತ್ತದೆ ಎಂದಳು. ನಾನು ಹೌದು ಹೌದು, ಧೂಳು ಬಹಳ ಎಂದೆ. ತಾಯಿ ಮಗಳು ಹೀಗೆ ಧೂಳಿನ ಬಗ್ಗೆ ಮಾತಾಡಿ ಆ ದಿನ ಮುಗಿಸಿದೆವು.

ಜೂನಿನಲ್ಲಿ ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ಆಟದ ಮೇಡಂ ಫೋನ್ ಮಾಡಿದರು. ಪ್ರಾಂಜಲಿ ಖೋಖೋ ಬಿಟ್ಟಿದ್ದಾಳೆ, ಮೊಣಕಾಲು ನೋವು ಅನ್ನುತ್ತಾಳೆ, ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದರು. ಅವಳ ಮೊಣಕಾಲು ಗಟ್ಟಿಯಾಗಿತ್ತು. ಖೋಖೋದಲ್ಲಿ ಅವಳು ಓಡುವುದನ್ನು ನೀವು ನೋಡಿಲ್ಲ. ಸಾಲಾಗಿ ಕೂತವರ ನಡುವೆ ಹಾವಿನ ಹಾಗೆ ನುಸುಳಿ, ಬೆನ್ನಟ್ಟಿದವರ ಕೈಗೆ ಬರೀ ಗಾಳಿ ಕೊಟ್ಟು ಹೋಗುತ್ತಿದ್ದಳು. ಓಡುವಾಗ ಅವಳ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಮನೆಯಲ್ಲಿ ನಾನು ಆ ಕಳೆ ನೋಡಿ ಆರು ತಿಂಗಳ ಮೇಲಾಗಿತ್ತು. ಅದು ಹೋಗಿಬಿಟ್ಟರೆ ಮತ್ತೆ ಬರುವುದಿಲ್ಲವೇನೋ ಎಂದು ನನಗೆ ಹೆದರಿಕೆಯಾಯಿತು.

ಸಂಜೆ ಅವಳ ಕೋಣೆಗೆ ಹೋಗಿ, ತಾಯಿಯಾದವಳು ಹೇಳಬೇಕಾದದ್ದನ್ನೆಲ್ಲ ಹೇಳಿದೆ.

"ಇದೆಲ್ಲಾ ಎಲ್ಲಾರಿಗೂ ಆಗ್ತದವ್ವ. ಇದರಾಗ ನಾಚ್ಕೋಳ್ಲಾಕ ಏನದ? ಸೀದಾ ನಿಂದ್ರು."

"ಎಲ್ಲಾರಿಗೂ ಆಗ್ತದಂದ್ರ ಎಲ್ಲಾರೂ ಓಡ್ಲಿ," ಎಂದಳು. "ನನಗ ಓಡ್ಲಾಕ ಆಗಲ್ಲ."

"ಯಾಕ?"

ಸ್ವೆಟರಿನ ತೋಳು ಎಳೆದುಕೊಂಡು ಕೂಲರ್ ಕಡೆ ತಿರುಗಿದಳು. "ಓಡಿದ್ರ ನೋವಾಗ್ತದ ಮಮ್ಮಿ. ಗ್ವಾಡಿ ಮ್ಯಾಲ ಹುಡುಗ್ರು ಬಂದು ಕುಂದರ್ತಾರ. ಆಟ ನೋಡ್ಲಾಕ ಬರಂಗಿಲ್ಲ ಅವ್ರು. ನಾ ಓಡೋದು ಬಿಟ್ಟು ಅವ್ರು ಎಲ್ಲಿ ನೋಡ್ಲಾಕತ್ತಾರ ಅಂತ ಅದನ್ನೇ ನೋಡ್ತೀನಿ. ಔಟ್ ಆಗ್ತೀನಿ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಪೈಲೆ ನಾ ಚಲೋ ಇದ್ದೆ," ಎಂದಳು.

ಹದಿನಾಲ್ಕು ವರ್ಷದ ಹುಡುಗಿ, ಮೊದಲು ನಾನು ಚಲೋ ಇದ್ದೆ ಎನ್ನುತ್ತಾಳೆ. ನಾನು ಎದ್ದು ಕೂಲರಿಗೆ ನೀರು ಹಾಕಿ ಬಂದೆ.

ಈಗ ನನ್ನ ಸಂಗತಿಯೂ ಸ್ವಲ್ಪ ಹೇಳಿಬಿಡುತ್ತೇನೆ. ನನ್ನ ತವರು ದೇವಣಿಯ ಹತ್ತಿರದ ಹಳ್ಳಿ. ಅಪ್ಪನಿಗೆ ಹೊಲ ಇತ್ತು, ಹೊಲಕ್ಕಿಂತ ಪ್ರೀತಿಯ ದನಗಳಿದ್ದವು. ಒಂದು ಹೆಣ್ಗರು ಮಣಕವಾಗಿ ಮೈದುಂಬಿಕೊಂಡು ನಿಂತರೆ ಅಪ್ಪ ಓಣಿಯವರನ್ನೆಲ್ಲ ಕರೆದು ತೋರಿಸುತ್ತಿದ್ದ. ಬಂದವರು ಅದರ ಸುತ್ತ ತಿರುಗಿ, ಬೆನ್ನು ತಟ್ಟಿ, "ಏನ್ ಬೆಳದದರಿ ಪಾಟೀಲ್ರ" ಎಂದು ಹೊಗಳಿ, ಚಹಾ ಕುಡಿದು ಹೋಗುತ್ತಿದ್ದರು. ಅಂಥದ್ದೇ ಒಂದು ವರ್ಷ ನಾನೂ ಬೆಳೆದೆ. ಅವ್ವ ಯಾರನ್ನೂ ಕರೆಯಲಿಲ್ಲ. ಅಣ್ಣನ ಹಳೆಯ ಅಂಗಿಯೊಂದನ್ನು ತಂದು ನನ್ನ ಪೋಲಕದ ಮೇಲೆ ತೊಡಿಸಿ, "ಇನ್ನ ಮ್ಯಾಲ ಜರಾ ಬಗ್ಗಿ ನಡಿ" ಎಂದಳು. ಯಾಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ವಿಷಯದ ಮೇಲೆ ನಮ್ಮಿಬ್ಬರ ನಡುವೆ ನಡೆದ ಪೂರ್ತಿ ಮಾತುಕತೆ ಅಷ್ಟೇ.

ನಾನು ಬಗ್ಗಿ ನಡೆದೆ. ಪುಸ್ತಕಗಳನ್ನು ಎದೆಗೆ ಅವಚಿಕೊಂಡು ನಡೆದೆ. ಪುಸ್ತಕ ಇಲ್ಲದ ದಿನ ಮೊರ, ಬುಟ್ಟಿ, ತಮ್ಮ, ಕೈಗೆ ಸಿಕ್ಕಿದ್ದನ್ನು ಅವಚಿಕೊಂಡು ನಡೆದೆ. ಉದಗೀರದಿಂದ ಕನ್ಯೆ ನೋಡಲು ಬಂದವರು ನನ್ನ ಬಾಗಿದ ಹೆಗಲು ನೋಡಿ, "ಹುಡುಗಿ ಬಾಳ ವಿನಯ ಅದಾಳ" ಎಂದು ಒಪ್ಪಿದರು. ಈಗ ಆ ವಿನಯಕ್ಕೆ ದಿನಾ ಎಣ್ಣೆ ಹಚ್ಚಿ ತಿಕ್ಕಬೇಕು, ಇಲ್ಲದಿದ್ದರೆ ಕತ್ತು ಹಿಡಿದುಕೊಳ್ಳುತ್ತದೆ. ಇಂಥವಳು ಮಗಳಿಗೆ ಸೀದಾ ನಿಂದ್ರು ಎಂದು ಉಪದೇಶ ಮಾಡಿದ್ದೆ.

ಉಪದೇಶ ನಡೆಯಲಿಲ್ಲ ಎಂದಮೇಲೆ ಸಾಮಾನು ತರೋಣ ಎಂದುಕೊಂಡೆ. ಓಡಾಡುವ, ಆಟವಾಡುವ ಹುಡುಗಿಯರಿಗೆ ಬಿಗಿಯಾಗಿ, ಆರಾಮಾಗಿ ಕೂರುವ ಒಳ ಉಡುಪು ಬೇರೆಯೇ ಸಿಗುತ್ತದೆ ಎಂದು, ನಾನು ತಿರುಗಿ ಫೋನ್ ಮಾಡಿದಾಗ, ಆಟದ ಮೇಡಂ ಹೇಳಿದರು. ತಂದರಾಯಿತು. ಇಲ್ಲಿಂದ ನಮ್ಮ ತೊಂದರೆ ಶುರು.

ನಮ್ಮ ಮನೆಯಲ್ಲಿ ಹೆಂಗಸರು ಬಟ್ಟೆಯ ಅಂಗಡಿಗೆ ಹೋಗುವ ಪದ್ಧತಿ ಇಲ್ಲ. ಯಾಕೆಂದರೆ ಅಂಗಡಿಯೇ ಮನೆಗೆ ಬರುತ್ತದೆ. ಯಜಮಾನರ ದೊಡ್ಡಪ್ಪನ ಮಗ, ಅಂದರೆ ನನಗೆ ಭಾವ, ಚೌಕದಲ್ಲಿ ದೊಡ್ಡ ಬಟ್ಟೆ ಅಂಗಡಿ ಇಟ್ಟಿದ್ದಾರೆ. ಪಂಚಮಿಗೆ, ದೀಪಾವಳಿಗೆ ಅಲ್ಲಿಂದ ಒಂದು ದೊಡ್ಡ ಗಂಟು ಬರುತ್ತದೆ. ಮೇಲೆ ಸೀರೆ, ನಡುವೆ ಗಂಡಸರ ಅಂಗಿ ಬಟ್ಟೆ, ಎಲ್ಲಕ್ಕಿಂತ ಕೆಳಗೆ ಹಳೆಯ ಮರಾಠಿ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಹೆಂಗಸರ ಒಳಬಟ್ಟೆ. ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ತಿರುಗಿ ಕಳಿಸುವುದು. ಆದರೆ ಆ ಪೇಪರಿನ ಪೊಟ್ಟಣವನ್ನು ಯಾರೂ ತಿರುಗಿ ಕಳಿಸುವುದಿಲ್ಲ. ಕಳಿಸಬೇಕಾದರೆ ಇದು ದೊಡ್ಡದು, ಇದು ಸಣ್ಣದು ಎಂದು ಬಾಯಿಬಿಟ್ಟು ಹೇಳಬೇಕಲ್ಲ. ಹಾಗಾಗಿ ಬಂದದ್ದನ್ನು ಹಾಕಿಕೊಳ್ಳುತ್ತೇವೆ. ಅದಕ್ಕೊಂದು ಅಳತೆ ಇರುತ್ತದೆ ಎಂಬ ವಿಷಯವೇ ನನಗೆ ಬಹಳ ದಿನ ಹೊಳೆದಿರಲಿಲ್ಲ.

ಇನ್ನು ಭಾವನವರನ್ನು ನೇರವಾಗಿ ಕೇಳುವುದು. ಮದುವೆಯಾಗಿ ಬಂದಾಗಿನಿಂದ ನಾನು ಅವರ ಜೊತೆ ಮಾತಾಡಿಲ್ಲ. ಜಗಳ ಏನಿಲ್ಲ, ಮರ್ಯಾದೆ. ಅವರು ಬಂದರೆ ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಹಿಂದೆ ನಿಲ್ಲುತ್ತೇನೆ. "ದೊಡ್ಡಪ್ಪಗ ಚಹಾ ಬೇಕೇನು ಕೇಳು" ಎಂದು ಮಗಳಿಗೆ ಹೇಳುತ್ತೇನೆ. ಅವರು ಅಲ್ಲೇ ಎರಡು ಮಾರು ದೂರದಲ್ಲಿ ಕೂತು, "ಸಕ್ರಿ ಕಮ್ಮಿ ಹಾಕಂತ ನಿಮ್ಮವ್ವಗ ಹೇಳು" ಎನ್ನುತ್ತಾರೆ. ಪ್ರಾಂಜಲಿ ಮಾತು ಕಲಿತ ದಿನದಿಂದ ನಮ್ಮಿಬ್ಬರ ಕನ್ನಡವನ್ನು ಕನ್ನಡಕ್ಕೆ ಭಾಷಾಂತರ ಮಾಡಿಕೊಂಡು ಬಂದಿದ್ದಾಳೆ. ಈ ವಿಷಯಕ್ಕೂ ಅವಳನ್ನೇ ನಡುವೆ ನಿಲ್ಲಿಸುವುದು ಹೇಗೆ?

ಬೇರೆ ಅಂಗಡಿ ಇಲ್ಲವೇ ಎಂದರೆ ಇದೆ. ಭಾವನವರ ಅಂಗಡಿಗೆ ಸರಿಯಾಗಿ ಎದುರಿಗೆ ಇದೆ. ಅವರು ಗಾದಿಯ ಮೇಲೆ ಕೂತರೆ ಅಲ್ಲಿ ಯಾರು ಹತ್ತಿದರು, ಯಾರು ಇಳಿದರು ಎಂಬುದು ಸಿನಿಮಾದ ಹಾಗೆ ಕಾಣುತ್ತದೆ. ಮನೆಯ ಅಂಗಡಿ ಬಿಟ್ಟು ಎದುರಿನ ಅಂಗಡಿ ಹತ್ತಿದರೆ ಅದು ಬಟ್ಟೆ ಕೊಂಡ ಹಾಗಲ್ಲ, ಮನೆ ಒಡೆದ ಹಾಗೆ. ಮೊಬೈಲಿನಲ್ಲಿ ತರಿಸಬಹುದಿತ್ತು ಎನ್ನುತ್ತೀರಿ. ಹಿಂದೆ ಕುಕ್ಕರಿನ ರಬ್ಬರು ತರಿಸಿದ್ದೆ. ಪಾರ್ಸೆಲ್ಲು ಯಜಮಾನರ ಅಂಗಡಿಗೆ ಹೋಯಿತು. ಅದನ್ನು ಯಜಮಾನರು, ಲೆಕ್ಕ ಬರೆಯುವ ಮುನೀಮರು, ತೊಗರಿ ಮಾರಲು ಬಂದ ಇಬ್ಬರು ರೈತರು ಸೇರಿ ಬಿಚ್ಚಿ, ಎಳೆದು ನೋಡಿ, ಮಾಲು ಪರವಾಗಿಲ್ಲ ಎಂದು ತೀರ್ಮಾನಿಸಿ ಮನೆಗೆ ಕಳಿಸಿದ್ದರು.

ಅದಕ್ಕೆ ನಿಲಂಗಾ. ನನಗೆ ಇದು ಬಹಳ ಜಾಣತನದ ಯೋಚನೆ ಎನ್ನಿಸಿತ್ತು. ಅತ್ತೆಯ ಮುಂದೆ ಮಗಳ ಶಾಲೆಯ ಕೆಲಸ ಎಂದು ಹೇಳಿ, ಶ್ರಾವಣದ ಒಂದು ಶನಿವಾರ ತಾಯಿ ಮಗಳು ಎಸ್.ಟಿ. ಬಸ್ಸು ಹತ್ತಿದೆವು. ಮಳೆ ಬಂದು ನಿಂತಿತ್ತು, ಸೆಕೆ ತಡೆಯುವಂತಿರಲಿಲ್ಲ, ಪಕ್ಕದಲ್ಲಿ ಕಂದು ಸ್ವೆಟರ್ ಕೂತಿತ್ತು. ಕಂಡಕ್ಟರ್ ಹೆಂಗಸರ ಅರ್ಧ ದರದ ಟಿಕೆಟು ಹರಿದು ಕೊಡುತ್ತ ಅವಳನ್ನೊಮ್ಮೆ ನೋಡಿ, ಹುಡುಗಿಗೆ ಜ್ವರವೇ ಎಂದು ಮರಾಠಿಯಲ್ಲಿ ಕೇಳಿದ. ಹೌದು ಎಂದೆ.

ನಿಲಂಗಾದಲ್ಲಿ ಮೂರು ಅಂಗಡಿ ಬಿಟ್ಟು, ಬೋರ್ಡಿನ ಮೇಲೆ ಯಾವ ಪರಿಚಯದ ಅಡ್ಡಹೆಸರೂ ಇಲ್ಲದ ನಾಲ್ಕನೆಯ ಅಂಗಡಿ ಹೊಕ್ಕೆವು. ಗಾದಿಯ ಮೇಲೆ ವಿಭೂತಿ ಹಚ್ಚಿಕೊಂಡ ಒಬ್ಬ ಹಿರಿಯರು ಕೂತಿದ್ದರು. ವಿಭೂತಿ ನೋಡಿದಾಗಲೇ, ನಮ್ಮವರೇ ಎಂದು ತಿಳಿದು, ನಾನು ಇಳಿದುಬಿಡಬೇಕಿತ್ತು. ಮಗಳಿಗೆ ಒಳಗೆ ಬಾ ಎಂದು ಕನ್ನಡದಲ್ಲಿ ಹೇಳಿದ್ದು ಅವರ ಕಿವಿಗೆ ಬಿತ್ತು.

"ಯಾವೂರವ್ವ?"

"ಉದಗೀರ್ರಿ."

"ಉದಗೀರದಾಗ ಯಾರ ಮನಿ?"

ಹೇಳಿದೆ.

"ಅಂದ್ರ ನಿಮ್ಮತ್ತಿ ತವರುಮನಿ ಜಳಕೋಟ ಅಲ್ಲೇನು?"

ಮುಗಿಯಿತು. ಅವರ ತಂಗಿಯನ್ನು ನಮ್ಮ ಅತ್ತೆಯ ತಮ್ಮನಿಗೆ ಕೊಟ್ಟಿದ್ದರು. ಚಹಾ ಬಂತು, ಬಿಸ್ಕೀಟು ಬಂತು. ಹುಡುಗಿ ಯಾಕೆ ಸ್ವೆಟರ್ ಹಾಕಿದ್ದಾಳೆ ಎಂಬ ಪ್ರಶ್ನೆ ಬಂತು. ಕಷಾಯದ ಒಂದು ಹೊಸ ವಿಧಾನವೂ ಬಂತು. ಕೊನೆಗೆ ಅವರು ಕೈ ಜೋಡಿಸಿ, "ಹೇಳವ್ವ, ಏನ್ ತೋರಿಸ್ಲಿ?" ಎಂದರು.

"ಟವೆಲ್" ಎಂದೆ.

ಅವರು ಒಳ್ಳೊಳ್ಳೆಯ ಟವೆಲ್ಲು ತೋರಿಸಿದರು. ತಮ್ಮ ಮನೆಯ ಮಗಳ ಹಾಗೆ ನೋಡಿ ಆರಿಸಿ ಕೊಟ್ಟರು. ಒಂದು ಡಜನ್ ಕಟ್ಟಿಸಿಕೊಂಡೆ. ನಾವು ಮೆಟ್ಟಿಲು ಇಳಿಯುವಾಗ ಅವರು ಆಗಲೇ ಫೋನಿನಲ್ಲಿ ನಮ್ಮ ಯಜಮಾನರಿಗೆ, "ನಿಮ್ಮ ಮನಿಯವ್ರು ಬಂದಾರ್ರಿ, ಟವೆಲ್ ತಗೊಂಡ್ರು, ಬಾಳ ಖುಷಿ ಆಯ್ತು" ಎಂದು ಹೇಳುತ್ತಿದ್ದರು.

ಪ್ರಾಂಜಲಿ ಟವೆಲ್ಲಿನ ಗಂಟು ಎತ್ತಿಕೊಂಡಳು. ನಾನು ಸೋಲಲು ತಯಾರಿರಲಿಲ್ಲ. ಉಮರ್ಗಾದ ಬಸ್ಸು ನಿಂತಿತ್ತು, ಹತ್ತಿಸಿದೆ. ಉಮರ್ಗಾ ಬೇರೆ ಜಿಲ್ಲೆ, ಹೈದರಾಬಾದಿನ ಹೆದ್ದಾರಿಯ ಮೇಲಿನ ಊರು. ಅಲ್ಲಿ ನಮ್ಮನ್ನು ಯಾರೂ ಗುರುತಿಸಲಾರರು ಎಂಬ ಧೈರ್ಯ.

ಗುರುತಿಸಲಿಲ್ಲ ನಿಜ. ಗಾಜಿನ ಬಾಗಿಲಿನ ದೊಡ್ಡ ಅಂಗಡಿ. ಹೆಂಗಸರ ವಿಭಾಗದಲ್ಲೂ ಒಬ್ಬ ಗಂಡಸೇ ನಿಂತಿದ್ದ. ನಾನು ಸೆರಗು ಎಳೆದುಕೊಂಡು, ಕೌಂಟರಿನ ಮೇಲೆ ಬಗ್ಗಿ, ಯಾರಿಗೂ ಕೇಳಿಸದ ಹಾಗೆ ಮರಾಠಿಯಲ್ಲಿ ಹೇಳಿದೆ. ಅವನಿಗೂ ಕೇಳಿಸಲಿಲ್ಲ. ಎರಡನೆಯ ಸಲ ಹೇಳಿದೆ. ಅವನು, "ಕಿತಿ ನಂಬರ್, ತಾಈ?" ಎಂದು ಅಂಗಡಿಗೆಲ್ಲ ಕೇಳುವ ಹಾಗೆ ಅಳತೆಯ ನಂಬರು ಕೇಳಿದ. ನನಗೆ ನಂಬರು ಗೊತ್ತಿರಲಿಲ್ಲ. ಮಗಳದೂ ಗೊತ್ತಿರಲಿಲ್ಲ, ನನ್ನದೂ ಗೊತ್ತಿರಲಿಲ್ಲ. ಅವನು ಅಂದಾಜು ಮಾಡಲೆಂದು ಮಗಳ ಕಡೆ ಕತ್ತು ತಿರುಗಿಸಿದ. ಅವಳು ಆಗಲೇ ಗಾಜಿನ ಬಾಗಿಲು ದೂಡಿ ಹೊರಗೆ ಹೋಗಿದ್ದಳು.

ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕಲ್ಲಿನ ಕಟ್ಟೆಯ ಮೇಲೆ ಟವೆಲ್ಲಿನ ಗಂಟನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತೆ.

"ಮಮ್ಮಿ, ನನ್ನ ಮೈ ಏನ್ ಕಳವಿನ ಮಾಲೇನು?" ಎಂದಳು. "ಎರಡು ತಾಲೂಕ ದಾಟಿ ಬಂದು, ಯಾರಿಗೂ ಗೊತ್ತಾಗದಂಗ ತಗೋಳ್ಲಾಕ?"

"ಹಂಗಲ್ಲವ್ವ, ನಿನಗ ನಾಚ್ಕಿ ಆಗಬಾರ್ದಂತ..."

"ನನಗಲ್ಲ, ನಿನಗ. ನನಗ ಸೀದಾ ನಿಂದ್ರಂತಿ. ಅಂಗಡ್ಯಾಗ ನೀ ಹ್ಯಾಂಗ ನಿಂತಿದ್ದಿ ನೋಡ್ಕೊಂಡಿ?"

"ಹ್ಯಾಂಗ ನಿಂತಿದ್ದೆ?"

"ನನ್ನಂಗೇ."

ನನಗೆ ಅಳು ಬಂತು. ಬಸ್ ಸ್ಟ್ಯಾಂಡಿನಲ್ಲಿ ಅಳುವವರನ್ನು ಜನ ಬಹಳ ನೋಡುತ್ತಾರೆ, ಅದಕ್ಕೆ ಮೆಣಸಿನಕಾಯಿ ಭಜಿ ತಂದು ತಿಂದೆವು. ಖಾರದ ನೆಪ ಇಬ್ಬರಿಗೂ ಅನುಕೂಲವಾಯಿತು. ಹಾದಿಯುದ್ದಕ್ಕೂ ನಾನು ಒಂದೇ ಮಾತು ಯೋಚಿಸುತ್ತ ಬಂದೆ. ಅವ್ವ ನನಗೆ ಬಾಯಿಬಿಟ್ಟು ಬಗ್ಗಿ ನಡಿ ಎಂದಿದ್ದಳು. ನಾನು ಬಾಯಲ್ಲಿ ಸೀದಾ ನಿಂದ್ರು ಎಂದು, ಮೈಯಲ್ಲಿ ಬಗ್ಗುವುದನ್ನು ಕಲಿಸುತ್ತಿದ್ದೆ. ಅವ್ವನೇ ವಾಸಿ.

ಮನೆಗೆ ಬಂದಾಗ ಯಜಮಾನರು ಟವೆಲ್ಲಿನ ಗಂಟು ನೋಡಿ, "ನಿಲಂಗಾದ ಟವೆಲ್ಲಿನಾಗ ಏನ್ ವಿಶೇಷ ಅದ?" ಎಂದು ಕೇಳಿದರು. "ನೀರು ಚಲೋ ಹೀರ್ತಾವ" ಎಂದೆ. ಅವರು ಒಂದನ್ನು ಬೆರಳಲ್ಲಿ ತಿಕ್ಕಿ ನೋಡಿ ಒಪ್ಪಿದರು.

ಮರುದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ನೇರ ಚೌಕಕ್ಕೆ ಹೋದೆ. ಭಾವನವರು ಬಿಳಿ ಗಾದಿಯ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಅಂಗಡಿಯಲ್ಲಿ ಮದುವೆಯ ಜವಳಿಗೆಂದು ಬಂದ ಒಂದು ದೊಡ್ಡ ಕುಟುಂಬ ಇತ್ತು. ನನ್ನನ್ನು ನೋಡಿ ಭಾವನವರು ಗಾಬರಿಯಾದರು. ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಂಡು ಅರ್ಧ ಎದ್ದರು. ರೂಢಿಯಂತೆ ಪ್ರಾಂಜಲಿಯ ಕಡೆ ತಿರುಗಿ, "ನಿಮ್ಮವ್ವ ಯಾಕ ಬಂದಾಳ ಕೇಳು" ಎಂದರು.

ಪ್ರಾಂಜಲಿ ನನ್ನ ಮುಖ ನೋಡಿದಳು. ನಾನು ತಲೆಯ ಮೇಲಿನ ಸೆರಗು ತೆಗೆಯಲಿಲ್ಲ, ಅಷ್ಟು ಧೈರ್ಯ ಇನ್ನೂ ಬಂದಿಲ್ಲ. ಆದರೆ ಮಾತಾಡಿದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ನಾನು ಭಾವನವರ ಜೊತೆ ನೇರವಾಗಿ ಆಡಿದ ಮೊದಲ ಮಾತು ಇದು:

"ಭಾವಾರಿ, ಹುಡುಗಿಗಿ ಒಳಗ ಹಾಕ್ಕೊಳ್ಳೋವು ಬೇಕಾಗ್ಯಾವ. ಓಡ್ಲಾಕ ಬರೂವಂಥಾವು."

ಜವಳಿಯವರ ಗದ್ದಲ ನಿಂತಿತು. ಭಾವನವರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು. ಫ್ಯಾನಿನಲ್ಲಿ ಏನೂ ಸಹಾಯ ಸಿಗದೆ ಇದ್ದದ್ದರಿಂದ ಕೆಳಗೆ ನೋಡಿದರು. ನಾನು ಕೌಂಟರಿಗೆ ಒರಗಲಿಲ್ಲ. ಎಷ್ಟು ನೆಟ್ಟಗೆ ನಿಂತಿದ್ದೆನೆಂದರೆ ಬೆನ್ನು ಚುಳ್ ಎನ್ನುತ್ತಿತ್ತು.

"ಓಡ್ಲಾಕ ಅಂದ್ರ?" ಎಂದು ಅವರು ಫ್ಯಾನನ್ನೇ ಕೇಳಿದರು.

ಈ ಸಲ ಪ್ರಾಂಜಲಿ ಉತ್ತರ ಕೊಟ್ಟಳು. "ಖೋಖೋ ಆಡ್ಲಾಕ, ದೊಡ್ಡಪ್ಪ. ಬಿಗಿ ಇರಬೇಕು. ಓಡಿದ್ರ ತ್ರಾಸ ಆಗಬಾರ್ದು."

ಭಾವನವರ ಮುಖದ ಮೇಲೆ ವ್ಯಾಪಾರದ ಗಾಂಭೀರ್ಯ ಬಂತು. "ಆ ಮಾಲ್ ನಾ ಇಟ್ಟಿಲ್ಲವ್ವ. ಅಂಗಡಿ ಹಾಕಿದಾಗಿಂದ ಯಾರೂ ಕೇಳಿಲ್ಲ. ಲಾತೂರಿಂದ ತರಿಸ್ಬೇಕು. ಗುರುವಾರ ಬರ್ತದ." ಆಮೇಲೆ ಮೊದಲ ಸಲ ನನ್ನ ಕಡೆ ತಿರುಗಿ, "ಅಳತಿ ಬೇಕಲ್ಲವ್ವ. ಮ್ಯಾಲ ಹೋಗ್ರಿ, ಸೊಸಿ ಅದಾಳ" ಎಂದರು.

ಅಂಗಡಿಯ ಮೇಲೆಯೇ ಅವರ ಮನೆ. ಅವರ ಸೊಸೆ ಟೇಪು ತಂದು, ಬಾಗಿಲು ಹಾಕಿ, ಪ್ರಾಂಜಲಿಗೆ ತನ್ನ ಅಳತೆ ತಾನೇ ಹೇಗೆ ತೆಗೆದುಕೊಳ್ಳಬೇಕೆಂದು ತೋರಿಸಿಕೊಟ್ಟಳು. ಪ್ರಾಂಜಲಿ ತೆಗೆದುಕೊಂಡಳು. ಆಮೇಲೆ ಟೇಪು ನನ್ನ ಕಡೆ ಚಾಚಿ, "ಈಗ ನೀ" ಎಂದಳು. ನಾನು ಇಷ್ಟು ವರ್ಷ ಹಾಕಿಕೊಂಡು ಬಂದದ್ದು ನನ್ನ ಅಳತೆಯದ್ದಲ್ಲ, ಎರಡು ನಂಬರು ಬೇರೆಯದು ಎಂದು ಅಲ್ಲಿ ಗೊತ್ತಾಯಿತು. ನನ್ನ ಮದುವೆಗೆ ಮುಂಚೆ ಈ ಮನೆಯಲ್ಲಿ ಅತ್ತೆಗೆ ಯಾವುದು ಬರುತ್ತಿತ್ತೋ ಅದನ್ನೇ ಭಾವನವರ ಅಂಗಡಿಯವರು ಮುಂದುವರಿಸಿದ್ದರು. ನಾನು ಹೊಸದಾಗಿ ಬಂದಿದ್ದೇನೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮನೆಗೆ ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ತೊಗರಿಬೇಳೆ ಹಸನು ಮಾಡುತ್ತ ಎಲ್ಲ ಕೇಳಿ, "ನಂದೂ ನನ್ನ ಅಳತಿ ಅಲ್ಲ. ನಮ್ಮತ್ತೀದು" ಎಂದರು. ಬೇಳೆಯಿಂದ ಒಂದು ಕಲ್ಲು ಆರಿಸಿ ಎಸೆದು, "ಹುಡುಗಿಗಿ ಥಂಡಿ ಆಗಿರ್ಲಿಲ್ಲೇನು ಹಂಗಾದ್ರ?" ಎಂದು ಕೇಳಿದರು. ಇಲ್ಲ ಎಂದೆ. ಕಷಾಯ ಮರುದಿನದಿಂದ ನಿಂತಿತು.

ಗುರುವಾರ ಮಾಲು ಬಂತು. ಪೇಪರಿನಲ್ಲಿ ಸುತ್ತಿರಲಿಲ್ಲ, ಅಂಗಡಿಯ ಹೆಸರು ಬರೆದ ಚೀಲದಲ್ಲಿ ಬಂತು. ಅಲ್ಲಿಂದ ಮುಂದೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ನೀವು ನಂಬಬಾರದು. ಸ್ವೆಟರ್ ಒಂದು ದಿನ ಇರಲಿಲ್ಲ, ಮರುದಿನ ಇತ್ತು. ಬ್ಯಾಗು ಬೆನ್ನಿಗೂ ಎದೆಗೂ ಓಡಾಡಿಕೊಂಡಿತ್ತು. ಕನ್ನಡಿಯ ಮೇಲಿನ ದುಪಟ್ಟಾ ಅರ್ಧ ಸರಿದು ಅಲ್ಲೇ ನಿಂತಿತು. ಕೆಲವು ಸಂಜೆ ಅವಳು ಮುಖ ಗಂಟಿಕ್ಕಿಕೊಂಡು ಬಂದು ಮಲಗಿಬಿಡುತ್ತಿದ್ದಳು, ನಾನು ಪಕ್ಕದಲ್ಲಿ ಹೋಗಿ ಕೂರುತ್ತಿದ್ದೆ. ಕೆಲವು ಸಂಜೆ ಅವಳೇ ಕೇಳುತ್ತಿದ್ದಳು. "ನಿನಗ ನಿನ್ನ ಮೈ ಯಾವಾಗ ನಿಂದೇ ಅನ್ನಿಸ್ತು ಮಮ್ಮಿ?" ಇನ್ನೂ ನೋಡ್ಲಾಕತ್ತೀನಿ ಎಂದೆ. ಅವಳು ನಕ್ಕಳು. ಆದರೆ ಮೈದಾನಕ್ಕೆ ಹೋಗಲು ಶುರುಮಾಡಿದ್ದಳು.

ದಸರೆಗೆ ಮುಂಚೆ ನಿಲಂಗಾದಲ್ಲಿ ಪಂದ್ಯ ಇಟ್ಟಿದ್ದರು. ಯಜಮಾನರು ಅಂಗಡಿಯನ್ನು ಮುನೀಮರಿಗೆ ಬಿಟ್ಟು ಬಂದರು. ಮೈದಾನದ ಮೂರು ಕಡೆ ಜನ, ನಾಲ್ಕನೆಯ ಕಡೆ ಗೋಡೆ, ಗೋಡೆಯ ಮೇಲೆ ಸಾಲಾಗಿ ಹುಡುಗರು. ಗೋಡೆ ಇದ್ದಲ್ಲಿ ಅವರು ಇರುತ್ತಾರೆ. ಪ್ರಾಂಜಲಿ ಟೀ ಶರ್ಟು ತೊಟ್ಟು ಒಳಗೆ ಇಳಿದಳು. ಗೋಡೆಯ ಕಡೆ ಒಮ್ಮೆ ನೋಡಿದಳು, ನಾನು ನೋಡಿದ್ದೇನೆ. ಸೀಟಿ ಊದಿದರು.

ಓಡಿದಳು. ಎರಡು ಸಲ ಹುಡುಗಿಯರ ನಡುವೆ ನುಸುಳಿ ತಪ್ಪಿಸಿಕೊಂಡಳು. ಮೂರನೆಯ ಸಲ ಕಂಬದ ಹತ್ತಿರ ಹಿಂದಿನಿಂದ ಒಂದು ಕೈ ಬೆನ್ನಿಗೆ ತಾಕಿತು. ಔಟು. ಅವಳ ತಂಡದಲ್ಲಿ ಎಲ್ಲರಿಗಿಂತ ಮೊದಲು ಔಟಾದವಳು ಅವಳೇ. ತಲೆ ತಗ್ಗಿಸಿ, ಕೈ ಕಟ್ಟಿಕೊಂಡು ಬಂದುಬಿಡುತ್ತಾಳೆ ಎಂದುಕೊಂಡು ನಾನು ಎದ್ದು ನಿಂತೆ.

ಅವಳು ನಮ್ಮ ಕಡೆ ಬರಲಿಲ್ಲ. ನೇರ ಅಂಪೈರರ ಹತ್ತಿರ ಹೋದಳು. ಹಿಡಿದ ಹುಡುಗಿ ಒಂದು ದಿಕ್ಕಿಗೆ ಓಡಿದ ಮೇಲೆ ಕಂಬ ಮುಟ್ಟುವ ಮೊದಲೇ ಹಿಂದಕ್ಕೆ ತಿರುಗಿದ್ದಾಳೆ, ಅದು ಫೌಲು ಎಂದು ಮರಾಠಿಯಲ್ಲಿ ಶುರುಮಾಡಿದಳು. ಅಂಪೈರರು ತಲೆ ಅಲ್ಲಾಡಿಸಿದರು. ಸಿಟ್ಟು ಏರಿದಂತೆ ಮರಾಠಿ ಸಾಲದೆ ಕನ್ನಡಕ್ಕೆ ಬಂದಳು. "ಹಿಂಗ ಬಂದ್ಲ್ರಿ ಸರ್, ಹಿಂಗ ತಿರುಗಿದ್ಲು, ನೀವು ನೋಡೇ ಇಲ್ಲ" ಎಂದು ಎರಡೂ ಕೈ ತಲೆಯ ಮೇಲೆ ಎತ್ತಿ, ಬೀಸಿ, ತಾನೇ ಓಡಿ, ತಾನೇ ತಿರುಗಿ ತೋರಿಸಿದಳು. ಬೆವರಿನಿಂದ ಟೀ ಶರ್ಟು ಮೈಗೆ ಅಂಟಿತ್ತು. ಆಟ ನಿಂತಿತ್ತು. ಮೂರು ಕಡೆಯ ಜನ, ಗೋಡೆಯ ಮೇಲಿನ ಹುಡುಗರು, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅದು ಅವಳಿಗೆ ಗೊತ್ತೇ ಇರಲಿಲ್ಲ.

ಯಜಮಾನರು ನನ್ನ ಕಡೆ ಬಾಗಿ, "ಏನ್ ಜಗಳ ತೆಗದಾಳ ಇಕಿ. ಎಲ್ಲಾರೂ ನೋಡ್ಲಾಕತ್ತಾರ. ಹೋಗಿ ಕರ್ಕೊಂಡ್ ಬಾ" ಎಂದರು.

"ನೋಡ್ಲಿ ಬಿಡ್ರಿ" ಎಂದೆ.